ಮಗನ ಕನ್ನಡವೇ ನಮ್ಮ ಸಾಕ್ಷಿ

ಕ್ಯಾಲಿಫೋರ್ನಿಯಾದಲ್ಲಿ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸುವಾಗ ಮನೆಭಾಷೆಯ ಫಾರಂ ಅಂತ ಒಂದನ್ನು ತುಂಬಿಸಿಕೊಳ್ಳುತ್ತಾರೆ. ನಾಲ್ಕೇ ಪ್ರಶ್ನೆ. ಮಗು ಮೊದಲು ಕಲಿತ ಮಾತು ಯಾವ ಭಾಷೆಯದು, ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಆಡುತ್ತದೆ, ಅಪ್ಪ ಅಮ್ಮ ಅದರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಮನೆಯ ದೊಡ್ಡವರೆಲ್ಲ ಯಾವ ಭಾಷೆ ಬಳಸುತ್ತಾರೆ. ನಾಲ್ಕಕ್ಕೂ ನಾವು ಕನ್ನಡ ಅಂತ ಬರೆದೆವು. ಆ ಉತ್ತರದ ಮೇಲೆ ಮಗನಿಗೆ ಎಲ್‌ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಮಾಡಿ 'ಇಂಗ್ಲಿಷ್ ಲರ್ನರ್' ಪಟ್ಟಿಗೆ ಸೇರಿಸಿದರು. ಅದಕ್ಕೆ ನಮ್ಮ ತಕರಾರೇನೂ ಇರಲಿಲ್ಲ. ಇಂಗ್ಲಿಷ್ ಬಾರದ ಮಗುವನ್ನು ಸುಮ್ಮನೆ ತರಗತಿಯಲ್ಲಿ ಕೂರಿಸಿದರೆ ಅದು ಶಿಕ್ಷಣವಲ್ಲ ಅಂತ 1974ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ಮಕ್ಕಳ ಮೊಕದ್ದಮೆಯಲ್ಲಿ. ಆ ತೀರ್ಪಿನಿಂದ ಬಂದ ನೆರವು ನಮ್ಮ ಮಗನಿಗೂ ಸಿಕ್ಕಿತು.

ತೊಂದರೆ ಶುರುವಾಗಿದ್ದು ಒಂದನೇ ತರಗತಿಯಲ್ಲಿ. ಟೀಚರ್ ಎರಡು ಕೆಲಸ ಒಟ್ಟಿಗೆ ಹೇಳಿದರೆ ಇವನು ಕೊನೆಯದನ್ನು ಮಾತ್ರ ಮಾಡುತ್ತಿದ್ದ. ಕಥೆ ಓದಿ ಹೇಳಿದ ಮೇಲೆ 'ಹುಡುಗ ಯಾಕೆ ಅತ್ತ?' ಅಂತ ಕೇಳಿದರೆ 'ಹುಡುಗ' ಅನ್ನುತ್ತಿದ್ದ. ಮಕ್ಕಳ ಜೊತೆ ಆಡುವಾಗ ಹೇಳಬೇಕಾದ್ದು ಬಾಯಿಗೆ ಬರದೆ ಕೈ ಎತ್ತುತ್ತಿದ್ದ. ಟೀಚರಿಗೂ ಕಳವಳ ಇತ್ತು, ಆಕೆಯೇ ನಮ್ಮನ್ನು ಕರೆಸಿದ್ದು. ಆದರೆ ಅಲ್ಲಿಂದ ಮೇಲೆ ಹೋದಂತೆ ಎಲ್ಲರ ಬಾಯಲ್ಲೂ ಒಂದೇ ಮಾತು. ಮನೆಯಲ್ಲಿ ಬೇರೆ ಭಾಷೆ ಇದೆಯಲ್ಲ, ಅದಕ್ಕೇ ಹೀಗೆ. ಇನ್ನೊಂದು ವರ್ಷ ನೋಡೋಣ.

ನಮಗೆ ಗೊತ್ತಿದ್ದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಇವನಿಗೆ ಕನ್ನಡವೂ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅಂದರೆ, ಆಡುತ್ತಿದ್ದ, ಆದರೆ ಮಾತು ಜೋಡಣೆಯಾಗುತ್ತಿರಲಿಲ್ಲ. 'ಅಜ್ಜಿ ನಾಯಿಗೆ ಬಿಸ್ಕತ್ತು ಕೊಟ್ಟರು' ಅನ್ನಬೇಕಾದ ಕಡೆ 'ಅಜ್ಜಿ ನಾಯಿ ಬಿಸ್ಕತ್ತು ಕೊಟ್ಟ' ಅನ್ನುತ್ತಿದ್ದ. ಯಾರು ಯಾರಿಗೆ ಕೊಟ್ಟರು ಅನ್ನುವುದು ಅದರಲ್ಲಿ ಇಲ್ಲ. 'ಅಮ್ಮ ಬಂದ', 'ಅಪ್ಪ ಬಂದಳು' ಎರಡೂ ಬರುತ್ತಿದ್ದವು. ನಿನ್ನೆ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರೆ 'ಪಾರ್ಕ್ ಹೋಗ್ತಾನೆ ನಾನು'. ಅವನಿಗಿಂತ ಎರಡು ವರ್ಷ ಚಿಕ್ಕವಳು ನಮ್ಮ ಮಗಳು. ಅದೇ ಮನೆ, ಅದೇ ಮಾತು, ಅದೇ ಅಜ್ಜಿಯ ವಿಡಿಯೋ ಕಾಲ್. ಅವಳು 'ಅಣ್ಣಂಗೆ ಕೊಡಬೇಡ, ನಂಗೆ ಕೊಡು' ಅಂತ ವಿಭಕ್ತಿ ಒಂದೂ ಬಿಡದೆ ಜಗಳ ಆಡುತ್ತಿದ್ದಳು. ಇದನ್ನು ಮೊದಲು ಗುರುತಿಸಿದ್ದು ಹಾಸನದಲ್ಲಿರುವ ನಮ್ಮಮ್ಮ. "ಇದು ಇಂಗ್ಲಿಷ್ ಸೇರಿ ಆಗಿದ್ದಲ್ಲ ಕಣೇ. ಕೂಸು ಮಾತು ಕಟ್ಟೋದಕ್ಕೇ ಒದ್ದಾಡ್ತಾ ಇದೆ. ಯಾರಿಗಾದ್ರೂ ತೋರಿಸು" ಅಂದರು.

ಶಾಲೆಯಲ್ಲಿ ಸ್ಟೂಡೆಂಟ್ ಸ್ಟಡಿ ಟೀಮ್ ಅಂತ ಒಂದು ಸಭೆ ಕರೆದರು. ಪ್ರಿನ್ಸಿಪಾಲ್, ಟೀಚರ್, ಸ್ಪೀಚ್ ಥೆರಪಿಸ್ಟ್, ಇಂಗ್ಲಿಷ್ ಲರ್ನರ್ ವಿಭಾಗದವರು ಬಂದಿದ್ದರು. ಸಣ್ಣ ಗುಂಪಿನಲ್ಲಿ ಓದು ಹೇಳಿಕೊಡುತ್ತೇವೆ, ಆರೇಳು ವಾರ ನೋಡಿ ಆಮೇಲೆ ಯೋಚಿಸೋಣ ಅಂದರು. ಎದ್ದು ಬರುವಾಗ ಒಬ್ಬರು ಪ್ರೀತಿಯಿಂದಲೇ ಹೇಳಿದರು, "ಮನೆಯಲ್ಲಿ ನೀವೂ ಇಂಗ್ಲಿಷ್ ಮಾತಾಡೋಕೆ ಶುರು ಮಾಡಿ, ಮಗೂಗೆ ಸುಲಭ ಆಗುತ್ತೆ." ಆ ಮಾತಿಗೆ ನಾನು ಒಪ್ಪಲಿಲ್ಲ. ನಮ್ಮಮ್ಮನ ಜೊತೆ, ನಮ್ಮತ್ತೆಯ ಜೊತೆ ಅವನಿಗಿರುವ ಏಕೈಕ ದಾರಿ ಕನ್ನಡ. ಒಂದು ಭಾಷೆಯಲ್ಲಿ ಮಾತು ಕಟ್ಟಲು ಕಷ್ಟಪಡುವ ಮಗುವಿನಿಂದ ಅದು ಹೆಚ್ಚು ಕೇಳಿದ ಭಾಷೆಯನ್ನೇ ಕಿತ್ತುಕೊಂಡರೆ ಸುಲಭ ಆಗುವುದು ಯಾರಿಗೆ?

ಅವರ ಹಿಂಜರಿಕೆಗೂ ಒಂದು ಇತಿಹಾಸ ಇದೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ನಾವಿರುವ ಬೇ ಏರಿಯಾದಿಂದ ದಕ್ಷಿಣಕ್ಕೆ ಹೋದರೆ ಮಾಂಟೆರೇ ಕೌಂಟಿ. ಅಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಮತ್ತೆಯ ಪರೀಕ್ಷೆ ಮಾಡಿ, ಬುದ್ಧಿಮಾಂದ್ಯರೆಂದು ಬೇರೆ ತರಗತಿಗೆ ಹಾಕಿದ್ದರು. ಪೋಷಕರು ಕೋರ್ಟಿಗೆ ಹೋದರು. 1970ರಲ್ಲಿ ಡಯಾನಾ ಎಂಬ ಹೆಸರಿನ ಆ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು, ಮಕ್ಕಳನ್ನು ಅವರ ಮನೆಮಾತಿನಲ್ಲೂ ಪರೀಕ್ಷಿಸಬೇಕು ಅಂತಾಯಿತು. ಇಂಗ್ಲಿಷ್ ಬಾರದ್ದೇ ಮುಖ್ಯ ಕಾರಣವಾದರೆ ಆ ಮಗುವಿಗೆ ನ್ಯೂನತೆ ಇದೆ ಅಂತ ತೀರ್ಮಾನಿಸುವಂತಿಲ್ಲ ಅಂತ ಈಗಿನ ಒಕ್ಕೂಟ ಕಾಯ್ದೆಯೂ ಹೇಳುತ್ತದೆ. ಬಹಳ ಬೇಕಾದ ನಿಯಮ ಅದು. ಆದರೆ ನಮ್ಮ ಮಗನ ವಿಷಯದಲ್ಲಿ ತಪ್ಪು ಉಲ್ಟಾ ಆಗಿತ್ತು. ಅಲ್ಲಿ ಭಾಷೆಯನ್ನು ನ್ಯೂನತೆ ಅಂದುಕೊಂಡರು, ಇಲ್ಲಿ ನ್ಯೂನತೆಯನ್ನು ಭಾಷೆ ಅಂದುಕೊಂಡಿದ್ದರು. ಎರಡಕ್ಕೂ ಮದ್ದು ಒಂದೇ, ಮಗುವಿನ ಮನೆಮಾತನ್ನು ಕೂತು ಕೇಳಿಸಿಕೊಳ್ಳುವುದು. ಅದನ್ನು ಮಾಡಲು ಮಾತ್ರ ಯಾರೂ ತಯಾರಿರಲಿಲ್ಲ.

ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರಲ್ಲಿ ಒಬ್ಬರು ಈ ದಾರಿಯಲ್ಲಿ ನಡೆದವರು. ಅವರ ಮಗಳಿಗೆ ಆಟಿಸಂ. ಪಾರ್ಕಿಂಗ್ ಲಾಟಿನಲ್ಲಿ ನಿಂತು ನನ್ನ ಕಥೆಯೆಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, "ಇದನ್ನೆಲ್ಲ ಬರೆದು ಕೊಟ್ಟಿದ್ದೀರಾ?"

"ಇಲ್ಲ, ಮೀಟಿಂಗಲ್ಲಿ ಹೇಳಿದ್ವಿ."

"ಹೇಳಿದ್ದು ಲೆಕ್ಕಕ್ಕಿಲ್ಲ ರೀ. ಇವತ್ತೇ ಬರೀರಿ. ಸ್ಪೆಷಲ್ ಎಜುಕೇಷನ್ ಅಸೆಸ್‌ಮೆಂಟ್ ಬೇಕು ಅಂತ ಒಂದು ಸಾಲು ಇದ್ದರೆ ಸಾಕು. ಡೇಟ್ ಹಾಕಿ. ಆಮೇಲೆ ಗಡಿಯಾರ ಓಡೋದು ಅವರಿಗೆ."

ಹಾಗೇ ಆಯಿತು. ಈ ದೇಶದ ವಿಶೇಷ ಶಿಕ್ಷಣ ಕಾಯ್ದೆ 1975ರದು, 1990ರಲ್ಲಿ ಅದಕ್ಕೆ ಈಗಿನ ಹೆಸರು ಬಂತು, ಜನ ಅದನ್ನು ಐಡಿಯಾ ಅಂತಾರೆ. ನ್ಯೂನತೆ ಇರುವ ಪ್ರತಿ ಮಗುವಿಗೂ ಅದಕ್ಕೆ ತಕ್ಕ ಶಿಕ್ಷಣವನ್ನು ಡಿಸ್ಟ್ರಿಕ್ಟ್, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ, ಉಚಿತವಾಗಿ ಕೊಡಬೇಕು, ಅಂಥ ಮಕ್ಕಳನ್ನು ಹುಡುಕಿ ಪರೀಕ್ಷಿಸುವ ಹೊಣೆಯೂ ಅದರದ್ದೇ. ಕ್ಯಾಲಿಫೋರ್ನಿಯಾದಲ್ಲಿ ಪೋಷಕರು ಬರೆದು ಕೇಳಿದ 15 ದಿನದೊಳಗೆ ಯಾವ ಯಾವ ಪರೀಕ್ಷೆ ಮಾಡುತ್ತೇವೆ ಅನ್ನುವ ಅಸೆಸ್‌ಮೆಂಟ್ ಪ್ಲಾನ್ ಮನೆಗೆ ಬರಬೇಕು. ನಾವು ಅದಕ್ಕೆ ಸಹಿ ಹಾಕಿಕೊಟ್ಟ 60 ದಿನದೊಳಗೆ ಪರೀಕ್ಷೆ ಮುಗಿದು ಸಭೆ ಸೇರಬೇಕು. ಬೇಸಿಗೆ ರಜೆಯಂಥ ದೊಡ್ಡ ರಜೆಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಪರೀಕ್ಷೆ ಮಾಡುವುದಿಲ್ಲ ಅನ್ನುವುದಾದರೆ ಅದನ್ನೂ ಬರೆದು ಕೊಡಬೇಕು. ಯಾಕೆ ಇಲ್ಲ, ಯಾವ ದಾಖಲೆ ನೋಡಿ ಈ ತೀರ್ಮಾನಕ್ಕೆ ಬಂದಿರಿ, ಬೇರೆ ಏನೇನು ಯೋಚಿಸಿದಿರಿ ಎಲ್ಲವೂ ಅದರಲ್ಲಿರಬೇಕು. ಇದಕ್ಕೆ ಪ್ರಯರ್ ರಿಟನ್ ನೋಟಿಸ್ ಅನ್ನುತ್ತಾರೆ.

ನಮಗೆ ಬಂದದ್ದು ಆ ನೋಟಿಸ್. ಅಸೆಸ್‌ಮೆಂಟ್ ಬೇಡ, ಸಣ್ಣ ಗುಂಪಿನ ಪಾಠ ಇನ್ನೂ ನಡೆಯುತ್ತಿದೆ, ಹುಡುಗನ ಕಷ್ಟಕ್ಕೆ ಎರಡನೇ ಭಾಷೆಯ ಕಲಿಕೆಯೇ ಕಾರಣ. ಆಧಾರ ಅಂತ ತೋರಿಸಿದ್ದು ಎಲ್‌ಪ್ಯಾಕ್ ಅಂಕ ಒಂದನ್ನೇ. ಓದಿ ಸಿಟ್ಟು ಬಂತು, ಆದರೆ ಅದೇ ಕಾಗದ ನಮ್ಮ ಕೈ ಹಿಡಿಯಿತು. ಬಾಯಿಮಾತಿನಲ್ಲಿದ್ದಾಗ ತೇಲಿಹೋಗುತ್ತಿದ್ದ ವಾದ ಈಗ ಕಪ್ಪು ಅಕ್ಷರದಲ್ಲಿ ಕೂತಿತ್ತು. ಕನ್ನಡದಲ್ಲಿ ಇವನು ಹೇಗೆ ಮಾತಾಡುತ್ತಾನೆ ಅನ್ನುವುದನ್ನು ಯಾರೂ ನೋಡಿಲ್ಲ ಅನ್ನುವುದು ಅವರ ಕಾಗದದಿಂದಲೇ ಸ್ಪಷ್ಟವಾಗಿತ್ತು. ಅಷ್ಟನ್ನೇ ಉತ್ತರವಾಗಿ ಬರೆದೆ. ಜೊತೆಗೆ, ತರಗತಿಯೊಳಗಿನ ಇಂಥ ನೆರವಿನ ಪಾಠದ ನೆಪ ಹೇಳಿ ಅಸೆಸ್‌ಮೆಂಟ್ ತಡ ಮಾಡುವಂತಿಲ್ಲ, ನಿರಾಕರಿಸುವಂತಿಲ್ಲ ಅಂತ ಒಕ್ಕೂಟದ ಶಿಕ್ಷಣ ಇಲಾಖೆ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಬರೆದ ಪತ್ರವನ್ನು ಲಗತ್ತಿಸಿದೆ. ಆ ಪತ್ರದ ವಿಷಯ ತಿಳಿಸಿದ್ದು ಪೋಷಕರ ತರಬೇತಿ ಕೇಂದ್ರದವರು. ಒಕ್ಕೂಟ ಸರ್ಕಾರದ ಹಣದಲ್ಲಿ ನಡೆಯುವ ಇಂಥ ಕೇಂದ್ರ ಪ್ರತಿ ರಾಜ್ಯದಲ್ಲೂ ಇದೆ, ಫೋನ್ ಮಾಡಿದರೆ ದುಡ್ಡು ಕೇಳುವುದಿಲ್ಲ.

ಡಿಸ್ಟ್ರಿಕ್ಟ್ ಒಪ್ಪಿತು. ಪ್ಲಾನ್ ಬಂತು. ಅದರಲ್ಲಿದ್ದ ಪರೀಕ್ಷೆಗಳೆಲ್ಲ ಇಂಗ್ಲಿಷಿನವು.

ಈ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಭಯ ಎದ್ದಿತ್ತು. ನನ್ನ ಗಂಡ ಎಚ್-1ಬಿ ವೀಸಾದಲ್ಲಿರುವವರು, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರು. "ಸರ್ಕಾರದ ಜೊತೆ ಜಗಳ ಅಂತಾಗಿ ನಾಳೆ ಏನಾದ್ರೂ ತೊಂದರೆ ಆದ್ರೆ?" ಅಂತ ರಾತ್ರಿ ಕೂತು ಕೇಳಿದರು. ಇದೇ ಭಯದಲ್ಲಿ ಬಾಯಿ ಮುಚ್ಚಿಕೊಂಡ ಇನ್ನೂ ಕೆಲವು ಮನೆಗಳು ನನಗೆ ಗೊತ್ತು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಶಾಲೆ ವೀಸಾ ಕೇಳುವುದಿಲ್ಲ, ಕೇಳುವ ಅಧಿಕಾರವೂ ಅದಕ್ಕಿಲ್ಲ. ಕಾಗದಪತ್ರವೇ ಇಲ್ಲದೆ ಬಂದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಪ್ಲೈಲರ್ ತೀರ್ಪಿನಲ್ಲಿ 1982ರಲ್ಲೇ ಆಗಿದೆ. ಮಗುವಿನ ಶಿಕ್ಷಣದ ಬಗ್ಗೆ ಡಿಸ್ಟ್ರಿಕ್ಟಿಗೆ ಭಿನ್ನಾಭಿಪ್ರಾಯ ಬರೆದು ಕೊಡುವುದು ಕಾಯ್ದೆಯೇ ಹಾಕಿಕೊಟ್ಟ ದಾರಿ, ಅಪರಾಧ ಅಲ್ಲ. ಇವರಿಗೆ ಅದು ಮನದಟ್ಟಾದ ಮೇಲೆ ಮುಂದಿನ ಪತ್ರಗಳಿಗೆಲ್ಲ ಇಬ್ಬರೂ ಸಹಿ ಹಾಕಿದೆವು.

ಪ್ಲಾನಿನ ಮೇಲೆ ಒಪ್ಪಿಗೆಯ ಜೊತೆಗೇ ಒಂದು ಟಿಪ್ಪಣಿ ಬರೆದೆ. ಇವನ ಮಾತನ್ನು ಸರಿಯಾಗಿ ತೋರಿಸುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಪರೀಕ್ಷಿಸಬೇಕು. ಅವರು ಮಾಡಿದ್ದು ಏನೆಂದರೆ, ಇಂಗ್ಲಿಷ್ ಪರೀಕ್ಷೆಯ ಪ್ರಶ್ನೆಗಳನ್ನು ಒಬ್ಬ ದುಭಾಷಿ ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳಿದ್ದು. ಇಂಗ್ಲಿಷಿನ ಏಕವಚನ ಬಹುವಚನ, 'ಈಸ್' 'ಆರ್' ಇವೆಲ್ಲ ಬರುತ್ತವೆಯಾ ಅಂತ ನೋಡಲು ಮಾಡಿದ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದರೆ ಅದು ಏನನ್ನೂ ಅಳೆಯುವುದಿಲ್ಲ. ಇಂಗ್ಲಿಷ್ ಮಕ್ಕಳ ಸರಾಸರಿಗೆ ಹೋಲಿಸಿ ಕೊಡುವ ಅಂಕವೂ ಆಗ ನಿಲ್ಲುವುದಿಲ್ಲ. ವರದಿಯಲ್ಲಿ ಅಂಕ ಕಮ್ಮಿ ಬಂದಿತ್ತು. ಅದಕ್ಕೆ ಕೊಟ್ಟ ಕಾರಣ ಮತ್ತೆ ಅದೇ, ಎರಡನೇ ಭಾಷೆ ಕಲಿಯುವ ಮಗುವಿನ ಸಹಜ ಹಂತ. ವಿಶೇಷ ಶಿಕ್ಷಣಕ್ಕೆ ಅರ್ಹನಲ್ಲ.

ಆ ಸಭೆಯನ್ನು ನಾನು ರೆಕಾರ್ಡ್ ಮಾಡಿಕೊಂಡೆ. ಕ್ಯಾಲಿಫೋರ್ನಿಯಾದಲ್ಲಿ 24 ಗಂಟೆ ಮೊದಲು ತಿಳಿಸಿದರೆ ಐಇಪಿ, ಅಂದರೆ ಮಗುವಿನ ವಿಶೇಷ ಶಿಕ್ಷಣದ ಯೋಜನೆ ಮಾಡುವ ಸಭೆಯ ಧ್ವನಿ ಮುದ್ರಿಸಿಕೊಳ್ಳುವ ಹಕ್ಕು ಪೋಷಕರಿಗಿದೆ. ಎಲ್ಲರೂ ಸೌಜನ್ಯದಿಂದಲೇ ಮಾತಾಡಿದರು. ಕೊನೆಗೆ ಸಹಿ ಹಾಕುವ ಹಾಳೆ ಮುಂದೆ ಬಂತು. ಹಾಜರಿಯ ಕಡೆ ಮಾತ್ರ ಸಹಿ ಹಾಕಿ, ತೀರ್ಮಾನಕ್ಕೆ ಒಪ್ಪಿಗೆ ಇಲ್ಲ ಅಂತ ಅದರ ಕೆಳಗೇ ಬರೆದೆವು. ನಮ್ಮ ಜನ ಎದುರಿಗೆ ಕೂತವರ ಮುಖ ನೋಡಿಕೊಂಡು ದಾಕ್ಷಿಣ್ಯಕ್ಕೆ ಸಹಿ ಹಾಕಿಬಿಡುತ್ತಾರೆ. ಹಾಕಬೇಕಾಗಿಲ್ಲ. ಹಾಳೆಗಳನ್ನು ಮನೆಗೆ ತಂದು, ಓದಿ, ಒಪ್ಪುವ ಭಾಗಕ್ಕೆ ಮಾತ್ರ ಒಪ್ಪಿಗೆ ಕೊಡಬಹುದು.

ವರದಿ ಓದುತ್ತಾ ರಾಜ್ಯದ ನಿಯಮಾವಳಿಯನ್ನು ಪಕ್ಕದಲ್ಲಿಟ್ಟುಕೊಂಡೆ. ಒಕ್ಕೂಟ ಕಾಯ್ದೆಯಲ್ಲಿ 13 ಬಗೆಯ ನ್ಯೂನತೆಗಳಿವೆ, ಮಾತು ಮತ್ತು ಭಾಷೆಯ ತೊಂದರೆ ಅದರಲ್ಲೊಂದು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಅಳತೆ ಇದೆ. ಪರೀಕ್ಷೆಯಲ್ಲಿ ಶೇಕಡಾ 7ರ ಶ್ರೇಣಿಗಿಂತ ಕೆಳಗಿರಬೇಕು, ಅಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಕೊನೆಯ ಏಳರೊಳಗೆ, ಹೀಗೆ. ನನ್ನ ಕಣ್ಣು ನಿಂತದ್ದು ಇನ್ನೆರಡು ಸಾಲಿನ ಮೇಲೆ. ಒಂದು, ಮಗುವಿನ ಸಹಜ ಮಾತಿನ ಮಾದರಿಯನ್ನೂ, ಕಡೇಪಕ್ಷ 50 ಮಾತುಗಳನ್ನು (ಒಂದು ಸಲಕ್ಕೆ ಆಡಿದ್ದು ಒಂದು ಮಾತು, ಬಿಡಿ ಪದ ಅಲ್ಲ), ಸಾಕ್ಷಿಯಾಗಿ ನೋಡಬಹುದು. ಎರಡು, ಸಿದ್ಧ ಪರೀಕ್ಷೆಗಳು ಒಂದು ಮಗುವಿಗೆ ಹೊಂದದಿದ್ದರೆ ಬೇರೆ ವಿಧಾನದಿಂದ ಅಳೆಯಬೇಕು.

50 ಮಾತು! ನಮ್ಮ ಮನೆಯಲ್ಲಿ ಸಂಜೆ ಅಮ್ಮನ ಕಾಲ್ ಬಂದರೆ ಅರ್ಧ ಗಂಟೆಯಲ್ಲಿ ಅಷ್ಟು ಆಗುತ್ತದೆ. ಮೂರು ಸಂಜೆ ಇಬ್ಬರೂ ಮಕ್ಕಳು ಅಜ್ಜಿಯ ಜೊತೆ ಆಡಿದ ಮಾತನ್ನು ರೆಕಾರ್ಡ್ ಮಾಡಿ, ಬಾಯಿಂದ ಬಂದದ್ದು ಬಂದಂತೆ ಬರೆದುಕೊಂಡೆ. ಎಡಕ್ಕೆ ಮಗನ ಮಾತು, ನಡುವೆ ಅದೇ ವಿಷಯಕ್ಕೆ ತಂಗಿ ಹೇಳಿದ್ದು, ಬಲಕ್ಕೆ ಇಂಗ್ಲಿಷಿನಲ್ಲಿ ವಿವರಣೆ. ಅಮ್ಮ ಕೇಳುತ್ತಾರೆ, "ದೀಪಾವಳಿಗೆ ಏನೇನು ಮಾಡಿದ್ರಿ?" ತಂಗಿ, "ಅಮ್ಮ ಕಜ್ಜಾಯ ಮಾಡಿದ್ಲು, ನಾನು ದೀಪ ಹಚ್ಚಿದೆ." ಮಗ ಬಹಳ ಹೊತ್ತು ಯೋಚಿಸಿ, "ದೀಪ... ಅಮ್ಮ... ಹಚ್ಚು ನಾನು. ಅದು, ಅದು ಬಿಸಿ ತಿಂದ." ಕಜ್ಜಾಯ ಅನ್ನುವ ಪದ ಅವನಿಗೆ ಗೊತ್ತಿತ್ತು, ತಟ್ಟೆ ತೋರಿಸಿದರೆ ಹೇಳುತ್ತಿದ್ದ. ಮಾತಿನ ನಡುವೆ ಅದು ಕೈಗೆ ಸಿಗುತ್ತಿರಲಿಲ್ಲ. ಅವನ ಮಾತನ್ನು ಹೀಗೆ ಸಾಲು ಸಾಲಾಗಿ ಬರೆಯುವುದು ತಾಯಿಗೆ ಸುಲಭದ ಕೆಲಸ ಅಲ್ಲ. ಆದರೆ ಬರೆದು ಮುಗಿಸಿದ ಮೇಲೆ, ಕನ್ನಡ ಬಾರದವರೂ ಎರಡು ಅಂಕಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಾಣುವಂತಿತ್ತು.

ಅದನ್ನು ಲಗತ್ತಿಸಿ, ಡಿಸ್ಟ್ರಿಕ್ಟಿನ ವರದಿಗೆ ನಮ್ಮ ಒಪ್ಪಿಗೆ ಇಲ್ಲ, ಸ್ವತಂತ್ರ ಪರಿಣತರಿಂದ ಸರ್ಕಾರಿ ಖರ್ಚಿನಲ್ಲಿ ಮತ್ತೊಮ್ಮೆ ಅಸೆಸ್‌ಮೆಂಟ್ ಆಗಬೇಕು ಅಂತ ಬರೆದೆವು. ಇದನ್ನು ಐಇಇ ಅನ್ನುತ್ತಾರೆ. ಈ ಹಕ್ಕಿನ ಬಲ ಬಹಳ ಪೋಷಕರಿಗೆ ಗೊತ್ತಿಲ್ಲ. ಹಾಗೆ ಕೇಳಿದ ಮೇಲೆ ಡಿಸ್ಟ್ರಿಕ್ಟಿಗೆ ಎರಡೇ ದಾರಿ. ದುಡ್ಡು ಕೊಡಬೇಕು, ಇಲ್ಲವೇ ತಮ್ಮ ವರದಿ ಸರಿ ಅಂತ ಸಾಧಿಸಲು ತಾವೇ ಹಿಯರಿಂಗಿಗೆ, ಅಂದರೆ ವಿಚಾರಣೆಗೆ, ಅರ್ಜಿ ಹಾಕಬೇಕು. ಯಾವುದಾದರೂ ಸರಿ, ಸುಮ್ಮನೆ ತಡ ಮಾಡುವಂತಿಲ್ಲ.

ಅವರು ಇಲ್ಲ ಅನ್ನಲಿಲ್ಲ, ಆದರೆ ಕಳಿಸಿದ ಪರಿಣತರ ಪಟ್ಟಿಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ನಾವೇ ಹುಡುಕಿದೆವು. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಮಾತು ಹೋಗಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಈಗ ಕ್ಯಾಲಿಫೋರ್ನಿಯಾದ ಲೈಸೆನ್ಸ್ ಪಡೆದು ಕೆಲಸ ಮಾಡುತ್ತಿರುವ ಸ್ಪೀಚ್ ಥೆರಪಿಸ್ಟ್ ಒಬ್ಬರು ಸಿಕ್ಕರು. ಡಿಸ್ಟ್ರಿಕ್ಟಿನ ಉತ್ತರ, ಅವರು ನಮ್ಮ ಪಟ್ಟಿಯಲ್ಲಿಲ್ಲ, ಅವರ ಶುಲ್ಕ ನಮ್ಮ ಮಿತಿಗಿಂತ ಹೆಚ್ಚು. ಈ ಮಗುವಿಗೆ ಕನ್ನಡ ಬಲ್ಲವರೇ ಬೇಕು ಅನ್ನುವುದು ವಿಶೇಷ ಸಂದರ್ಭ, ಅದನ್ನು ತೋರಿಸಿಕೊಡಲು ಪೋಷಕರಿಗೆ ಅವಕಾಶ ಇರಲೇಬೇಕು ಅಂತ ನಾವು ಬರೆದೆವು. ಪತ್ರಗಳು ಹೋದವು, ಬಂದವು. ಮಗ ಎರಡನೇ ತರಗತಿಗೆ ಕಾಲಿಟ್ಟಿದ್ದ.

ಮುಂದೆ ಮೂರು ದಾರಿ ಇದ್ದವು. ರಾಜ್ಯದ ಶಿಕ್ಷಣ ಇಲಾಖೆಗೆ ದೂರು ಕೊಡುವುದು ಒಂದು. ಹಿಂದಿನ ಒಂದು ವರ್ಷದೊಳಗಿನ ನಿಯಮಭಂಗವಾಗಿರಬೇಕು, 60 ದಿನದಲ್ಲಿ ಲಿಖಿತ ತೀರ್ಮಾನ ಬರುತ್ತದೆ. ಡ್ಯೂ ಪ್ರೋಸೆಸ್ ಹಿಯರಿಂಗ್ ಇನ್ನೊಂದು. ಅದು ನ್ಯಾಯಾಧೀಶರ ಮುಂದೆ ಸಾಕ್ಷಿ, ಪಾಟೀಸವಾಲು ಎಲ್ಲ ಇರುವ ವಿಚಾರಣೆ. ಹಿಯರಿಂಗ್ ಕೇಳಿದವರೇ ತಮ್ಮ ಮಾತನ್ನು ಸಾಬೀತು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಗೆದ್ದರೆ ವಕೀಲರ ಫೀಸು ವಾಪಸು ಬರಬಹುದು, ಆದರೆ ಪರಿಣತರಿಗೆ ಕೊಟ್ಟ ದುಡ್ಡು ಬರುವುದಿಲ್ಲ ಅಂತ 2006ರ ತೀರ್ಪು. ನಮ್ಮ ಇಡೀ ಕೇಸೇ ಪರಿಣತರ ಮೇಲೆ ನಿಂತದ್ದು. ಮೂರನೆಯದು ಮೀಡಿಯೇಷನ್, ನಡುವೆ ಒಬ್ಬರನ್ನು ಇಟ್ಟುಕೊಂಡು ರಾಜಿ ಮಾತಾಡುವುದು. ಕ್ಯಾಲಿಫೋರ್ನಿಯಾದಲ್ಲಿ ಹಿಯರಿಂಗ್ ಕೇಳದೆ ಮೀಡಿಯೇಷನ್ ಒಂದನ್ನೇ ಕೇಳಬಹುದು, ಆಫೀಸ್ ಆಫ್ ಅಡ್ಮಿನಿಸ್ಟ್ರೇಟಿವ್ ಹಿಯರಿಂಗ್ಸ್ ಅನ್ನುವ ರಾಜ್ಯದ ಕಚೇರಿ ಅದನ್ನು ನಡೆಸುತ್ತದೆ. ಪೋಷಕರಿಗೆ ಖರ್ಚಿಲ್ಲ. ಈ ಬಗೆಯ ಮೀಡಿಯೇಷನ್ನಿಗೆ ಎರಡೂ ಕಡೆಯವರು ವಕೀಲರನ್ನು ಕರೆತರುವಂತಿಲ್ಲ. ನಮಗೆ ಅದೇ ಹಿಡಿಸಿತು. ನಾಳೆಯೂ ಇದೇ ಶಾಲೆಗೆ ಮಗನನ್ನು ಕಳಿಸಬೇಕು, ಇದೇ ಟೀಚರುಗಳ ಮುಖ ನೋಡಬೇಕು. ಜಗಳ ಉಳಿದಿದ್ದು ಒಂದೇ ವಿಷಯಕ್ಕೆ, ಅದಕ್ಕೆ ಕೋರ್ಟಿನಂಥ ಕಟ್ಟೆ ಬೇಡ ಅನ್ನಿಸಿತು. ಮಾತು ಮುರಿದರೆ ಉಳಿದೆರಡು ದಾರಿ ಹೇಗೂ ತೆರೆದೇ ಇರುತ್ತವೆ.

ಮೀಡಿಯೇಷನ್ ವಿಡಿಯೋದಲ್ಲಿ ನಡೆಯಿತು. ಮೊದಲು ಎಲ್ಲರೂ ಒಟ್ಟಿಗೆ, ಆಮೇಲೆ ನಮಗೊಂದು ಕೋಣೆ, ಅವರಿಗೊಂದು ಕೋಣೆ, ನಡುವೆ ಓಡಾಡುವವರು ಮೀಡಿಯೇಟರ್. ಅವರು ತೀರ್ಪು ಕೊಡುವುದಿಲ್ಲ. ಅಲ್ಲಿ ಆಡಿದ ಮಾತು ಗುಟ್ಟಾಗಿರಬೇಕು, ಮುಂದೆ ಯಾವ ವಿಚಾರಣೆಯಲ್ಲೂ ಅದನ್ನು ಸಾಕ್ಷಿಯಾಗಿ ಬಳಸುವಂತಿಲ್ಲ. ಹಾಗಾಗಿ ಯಾರು ಏನಂದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಾನು ಸಿದ್ಧ ಮಾಡಿಕೊಂಡು ಹೋಗಿದ್ದನ್ನು ಹೇಳಬಹುದು. ಒಂದು ಪುಟದ ತಾರೀಕುಪಟ್ಟಿ, ಯಾವ ದಿನ ನಾವು ಏನು ಕೇಳಿದೆವು, ಯಾವ ದಿನ ಏನು ಉತ್ತರ ಬಂತು. ಮಕ್ಕಳ ಮಾತಿನ ಆ ಹಾಳೆಗಳು. ಮತ್ತೆ ನಮಗೆ ಬೇಕಾದ್ದರ ಪಟ್ಟಿ, ಅದರಲ್ಲಿ ಬಿಟ್ಟುಕೊಡಬಹುದಾದ್ದು ಯಾವುದು, ಜಪ್ಪಯ್ಯ ಅಂದರೂ ಬಿಡಬಾರದ್ದು ಯಾವುದು ಅಂತ ನಾವಿಬ್ಬರೂ ಹಿಂದಿನ ರಾತ್ರಿಯೇ ಕೂತು ತೀರ್ಮಾನಿಸಿದ್ದೆವು. ಬಿಡಬಾರದ್ದು ಒಂದೇ, ಕನ್ನಡದಲ್ಲಿ ಅಸೆಸ್‌ಮೆಂಟ್.

ಅಂದೇ ಸಂಜೆ ಒಪ್ಪಂದ ಆಯಿತು. ಸಹಿಯಾದ ಮೇಲೆ ಅದು ಕೋರ್ಟಿನಲ್ಲಿ ಜಾರಿ ಮಾಡಿಸಬಹುದಾದ ಕರಾರು. ಮೊದಲ ಕರಡಿನಲ್ಲಿ ಎರಡು ವಾಕ್ಯ ನಮಗೆ ಸರಿಬರಲಿಲ್ಲ. ಈವರೆಗಿನ ಎಲ್ಲ ಹಕ್ಕೊತ್ತಾಯಗಳನ್ನೂ ಬಿಟ್ಟುಕೊಡುತ್ತೇವೆ ಅನ್ನುವುದು ಒಂದು. ಒಪ್ಪಂದದ ವಿವರ ಯಾರಿಗೂ ಹೇಳುವಂತಿಲ್ಲ ಅನ್ನುವುದು ಇನ್ನೊಂದು. ಇಂಥ ಒಪ್ಪಂದಗಳಲ್ಲಿ ಎರಡೂ ಸಾಮಾನ್ಯ, ಅದಕ್ಕೇ ಸುಸ್ತಾಗಿದ್ದರೂ ಕೊನೆಯ ಪುಟವನ್ನು ಓದಲೇಬೇಕು. ಮೊದಲನೆಯದನ್ನು ಐಇಇ ಶುಲ್ಕದ ವಿವಾದಕ್ಕೆ ಮಾತ್ರ ಸೀಮಿತ ಮಾಡಿಸಿದೆವು, ಎರಡನೆಯದನ್ನು ತೆಗೆಸಿದೆವು. ಭಾನುವಾರದ ತರಗತಿಯಲ್ಲಿ ನನಗೆ ದಾರಿ ತೋರಿಸಿದವರು ಬಾಯಿ ಕಟ್ಟಿಸಿಕೊಂಡಿದ್ದರೆ ನಾನಿನ್ನೂ ಮೀಟಿಂಗುಗಳಲ್ಲೇ ಕೂತಿರುತ್ತಿದ್ದೆ.

ಮೈಸೂರಿನ ಆ ಥೆರಪಿಸ್ಟ್ ಒಂದು ಬೆಳಗ್ಗೆ ಮನೆಗೆ ಬಂದು ನೆಲದ ಮೇಲೆ ಅವನ ಜೊತೆ ಕೂತರು. ಮಾತೇ ಇಲ್ಲದ ಚಿತ್ರಪುಸ್ತಕ ಒಂದನ್ನು ಕೊಟ್ಟು, "ಕಥೆ ಹೇಳ್ತೀಯಾ ಪುಟ್ಟ?" ಅಂದರು. ಅವನು ಹೇಳಿದ. ಇಂಗ್ಲಿಷಿನಲ್ಲಿ ಇನ್ನೊಂದು ಪುಸ್ತಕ, ಅದಕ್ಕೂ ಹೇಳಿದ. ಆಮೇಲೆ ಅವರು ಮಾಡಿದ್ದು ಡಿಸ್ಟ್ರಿಕ್ಟ್ ಮಾಡದೇ ಇದ್ದ ಕೆಲಸ. ಅವನಿಗೆ ಬಾರದ್ದನ್ನು ಅಲ್ಲೇ ಆಟದಲ್ಲಿ ಕಲಿಸಿ, ಎಷ್ಟು ಬೇಗ ಹಿಡಿಯುತ್ತಾನೆ ನೋಡಿದರು. ಗೊಂಬೆಗಳನ್ನಿಟ್ಟು 'ಆನೆಗೆ ಕೊಡು, ಆನೆಯಿಂದ ತಗೋ' ಅಂತ ಆಡಿಸಿದರು. ಬರೀ ಇಂಗ್ಲಿಷ್ ಹೊಸದು ಅನ್ನುವ ಮಗುವಾಗಿದ್ದರೆ ಕನ್ನಡದಲ್ಲಿ ಇದನ್ನು ಚಿಟಿಕೆಯಲ್ಲಿ ಮಾಡಿ ಮುಗಿಸುತ್ತಿತ್ತು. ಇವನಿಗೆ ಪ್ರತಿ ಸಲವೂ ಹೊಸದಾಗಿಯೇ ಇತ್ತು. ಆದರೆ ಗೊಂಬೆಯನ್ನು ಕೈಯಲ್ಲಿ ತಳ್ಳಿ ತೋರಿಸುತ್ತಾ ಹೇಳಿದಾಗ ಗ್ರಹಿಸಿದ. ಅದನ್ನೂ ಅವರು ಬರೆದುಕೊಂಡರು.

ವರದಿಯ ಸಾರ ಇಷ್ಟು. ಎರಡೂ ಭಾಷೆಯಲ್ಲಿ ಒಂದೇ ಬಗೆಯ ತೊಡಕು ಇದೆ. ಇದೇ ವಯಸ್ಸಿನ, ಇದೇ ರೀತಿ ಎರಡು ಭಾಷೆ ಕೇಳಿ ಬೆಳೆಯುವ ಮಕ್ಕಳಲ್ಲಿ ಇದು ಕಾಣುವುದಿಲ್ಲ. ಇದು ಭಾಷೆಯ ಬೆಳವಣಿಗೆಯದೇ ನ್ಯೂನತೆ. ಕನ್ನಡ ಇದಕ್ಕೆ ಕಾರಣವಲ್ಲ, ಮನೆಯಲ್ಲಿ ಕನ್ನಡ ನಿಲ್ಲಿಸುವುದರಿಂದ ಪ್ರಯೋಜನವೂ ಇಲ್ಲ. ಆ ಕೊನೆಯ ಸಾಲನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಏನೂ ಹೇಳದೆ ಮೊಮ್ಮಗನನ್ನು ಕರೆ ಅಂದರು.

ಮುಂದಿನ ಐಇಪಿ ಸಭೆಯಲ್ಲಿ ವಾದ ಆಗಲಿಲ್ಲ. ಅರ್ಹ ಅಂತ ಆಯಿತು. ವಾರಕ್ಕೆ ಎರಡು ಸಲ ಅರ್ಧರ್ಧ ಗಂಟೆ ಸ್ಪೀಚ್ ಥೆರಪಿ, ತರಗತಿಯಲ್ಲಿ ಸೂಚನೆಗಳನ್ನು ಚಿತ್ರದ ಜೊತೆ ಒಂದೊಂದಾಗಿ ಕೊಡುವುದು, ತಡವಾದ ಕಾಲಕ್ಕೆ ಬದಲಾಗಿ ಹೆಚ್ಚುವರಿ ಥೆರಪಿ. ಇಂಗ್ಲಿಷ್ ಲರ್ನರ್ ಪಾಠವೂ ಮುಂದುವರಿಯುತ್ತದೆ, ಒಂದು ಬಂದರೆ ಇನ್ನೊಂದು ಹೋಗಬೇಕಾಗಿಲ್ಲ. ಗುರಿಗಳನ್ನು ಬರೆಯುವಾಗ ಮೊದಲು 'ಭಾಷಾ ಕೌಶಲ್ಯ ಸುಧಾರಿಸುತ್ತದೆ' ಅಂತಷ್ಟೇ ಇತ್ತು. 2017ರಲ್ಲಿ ಎಂಡ್ರೂ ಎಂಬ ಕೊಲರಾಡೋದ ಹುಡುಗನ ಕೇಸಿನಲ್ಲಿ ಸುಪ್ರೀಂ ಕೋರ್ಟು ಒಕ್ಕೊರಲಿನಿಂದ ಹೇಳಿದ ಮಾತಿದೆ, ಹೆಸರಿಗೆ ಒಂದಿಷ್ಟು ಮುಂದುವರಿದರೆ ಸಾಲದು, ಆ ಮಗುವಿನ ಸ್ಥಿತಿಗೆ ತಕ್ಕ ಪ್ರಗತಿ ಆಗುವಂತೆ ಯೋಜನೆ ಇರಬೇಕು. ಅದನ್ನು ನೆನಪಿಸಿದೆ. ಶಾಲೆಯ ಥೆರಪಿಸ್ಟ್ ತಾವೇ ತಿದ್ದಿದರು. ಕೇಳಿದ ಕಥೆಯನ್ನು ಯಾರು, ಎಲ್ಲಿ, ಯಾಕೆ, ಕೊನೆಗೆ ಏನಾಯಿತು ಎಲ್ಲ ಬರುವಂತೆ, ಐದರಲ್ಲಿ ನಾಲ್ಕು ಸಲ, ತಾನೇ ಹೇಳಬೇಕು. ಮೂರು ತಿಂಗಳಿಗೊಮ್ಮೆ ಅಳೆದು ನಮಗೆ ಕಳಿಸಬೇಕು. ಕಾಗದ ನೋಡಿ ಆಯಿತೋ ಇಲ್ಲವೋ ಅಂತ ನಾನೇ ಹೇಳಬಹುದು, ಅಂಥ ಗುರಿ ಅದು. ಆಕೆಗೆ ಕನ್ನಡ ಬರುವುದಿಲ್ಲ. ಆದರೂ ಅದೇ ಕಥೆಯನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಿಸಿ ಅಂತ ಪ್ರತಿ ವಾರ ಚಿತ್ರಗಳನ್ನು ಬ್ಯಾಗಿನಲ್ಲಿ ಇಟ್ಟು ಕಳಿಸುತ್ತಾರೆ. ಇಷ್ಟು ಶ್ರದ್ಧೆಯ ಹೆಂಗಸು ಒಂದು ವರ್ಷ ಮೊದಲೇ ಅವನಿಗೆ ಸಿಕ್ಕಬಹುದಿತ್ತು ಅನ್ನುವ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಬೇಸಿಗೆ ರಜೆಯ ಥೆರಪಿ ಮಾತ್ರ ಸಿಕ್ಕಿಲ್ಲ. ರಜೆಯಲ್ಲಿ ಕಲಿತದ್ದು ಮರೆತು ಹೋಗುತ್ತದೆ, ಮತ್ತೆ ಹಿಡಿಯಲು ಬಹಳ ಕಾಲ ಬೇಕು ಅನ್ನುವುದಕ್ಕೆ ದಾಖಲೆ ಬೇಕಂತೆ. ಸರಿ. ಚಳಿಗಾಲದ ರಜೆಗೆ ಮೊದಲು ಒಂದು ಕಥೆ, ರಜೆ ಮುಗಿದ ವಾರ ಅದೇ ಕಥೆ, ಎರಡನ್ನೂ ರೆಕಾರ್ಡ್ ಮಾಡಿ ತಾರೀಕು ಹಾಕಿಟ್ಟಿದ್ದೇನೆ. ವಾರ್ಷಿಕ ಸಭೆ ಮಾರ್ಚಿನಲ್ಲಿದೆ. ಬೇಸಿಗೆ ಥೆರಪಿ ಬೇಕು ಅಂತ ಪತ್ರ ಈಗಾಗಲೇ ಕಳಿಸಿದ್ದೇವೆ, ಇಬ್ಬರೂ ಸಹಿ ಹಾಕಿ.